ಗಿರಿಜಾ ಮೀಸೆಯವರು ‘ಸರ್’ ಎಂದದ್ದು ಯಾರಿಗೆ?

ಹೋದ ವರ್ಷದ ಒಂದು ಶುಕ್ರವಾರ. ನಾನು, ಹೆಂಡತಿ ಶೈಲಾ, ಏಳು ವರ್ಷದ ಮಗಳು ಧೃತಿ ಬೆಟ್ಟದ ಕಡೆ ಸುತ್ತಾಡಿ ಒಮಾನ್‌ನ ಅಲ್ ಹೈಲ್‌ನಲ್ಲಿರುವ ನಮ್ಮ ಮನೆಗೆ ಮರಳುತ್ತಿದ್ದೆವು. ದಾರಿಗೆ ಅಡ್ಡವಾಗಿ ಒಂದು ವಾದಿ. ಮಳೆ ಬಂದಾಗ ಮಾತ್ರ ನೀರು ಹರಿಯುವ ಹಳ್ಳಕ್ಕೆ ಇಲ್ಲಿ ಹಾಗೆನ್ನುತ್ತಾರೆ. ಪಾದ ಮುಳುಗುವಷ್ಟೇ ನೀರಿತ್ತು, ದಾಟಬಹುದು ಎಂದುಕೊಂಡೆ. ನಡುವೆ ಕಾರು ಕೆಟ್ಟು ನಿಂತಿತು. ಯಾರನ್ನಾದರೂ ಕರೆಯೋಣವೆಂದು ನಾನು ಇಳಿದು ದಡ ಹತ್ತಿದ್ದೇ ತಡ, ಮೇಲಿನಿಂದ ಕೆಸರು ನೀರು ಭೋರ್ಗರೆದು ಬಂತು!

“ನೀರು ಒಳಗೆ ಬರ್ತಾ ಉಂಟು ಮಾರಾಯ್ರೇ!” ಶೈಲಾ ಕಾರಿನೊಳಗಿಂದ ಕಿರುಚಿದಳು.

ಅಷ್ಟರಲ್ಲಿ, ತರಬೇತಿಗೆಂದು ಬಂದಿದ್ದ ಬ್ರಿಟಿಷ್ ಸೈನಿಕರ ಎರಡು ಜೀಪುಗಳು ಬಂದು ನಿಂತವು. ಗಿರಿಜಾ ಮೀಸೆಯ, ನಲವತ್ತು ದಾಟಿದ ಒಬ್ಬರು ಇಳಿದರು. ಇವರೇ ದೊಡ್ಡ ಸಾಹೇಬರೆಂದು ಅವರ ಕೈ ಹಿಡಿದುಕೊಂಡೆ.

“ಸರ್, ನನ್ನ ಮಗಳು!”

“ನಾನು ಸಾರ್ಜೆಂಟ್. ಸರ್ ಅಂದ್ರೆ ಇವರು” ಎಂದು ಪಕ್ಕಕ್ಕೆ ತೋರಿಸಿದರು. ಅಲ್ಲಿದ್ದದ್ದು ಇನ್ನೂ ಸರಿಯಾಗಿ ಗಡ್ಡ ಮೂಡದ ಹುಡುಗ, ಲೆಫ್ಟಿನೆಂಟ್! ನಮ್ಮ ಕಡೆ ಯಜಮಾನನನ್ನು ಗುರುತಿಸುವುದೇ ಮೀಸೆ, ಹೊಟ್ಟೆ, ವಯಸ್ಸು ನೋಡಿ. ಈ ಪೋರ ಏನು ಮಾಡಿಯಾನು, ಕೆಟ್ಟೆವು ಎಂದುಕೊಂಡೆ.

ಹುಡುಗ ಸಾರ್ಜೆಂಟರ ಮುಖ ನೋಡಿದ. ಅವರು ಮೆಲ್ಲಗೆ ಏನೋ ಹೇಳಿ, “ನೀವು ಹೇಳಿದ ಹಾಗೆ, ಸರ್” ಎಂದರು. ಮರುಕ್ಷಣ ಅವನೇ ಸೊಂಟಕ್ಕೆ ಹಗ್ಗ ಬಿಗಿದು ಎಲ್ಲರಿಗಿಂತ ಮೊದಲು ನೀರಿಗಿಳಿದ!

“ಚಾಕಿ, ಹಗ್ಗ ಬಿಡಬೇಡ! ಟೈನಿ, ಸರ್ ಹಿಂದೆ ಹೋಗು!” ಸಾರ್ಜೆಂಟರು ಅಬ್ಬರಿಸಿದರು. ಟೈನಿ ಅಂದರೆ ಪುಟಾಣಿ. ಆದರೆ ಇಳಿದವನು ಯಾವ ಬಾಗಿಲಲ್ಲೂ ತಲೆ ಬಗ್ಗಿಸಲೇಬೇಕಾದಂಥ ಆಸಾಮಿ. ಲೆಫ್ಟಿನೆಂಟ್ ಕಿಟಕಿಯಿಂದ ಧೃತಿಯನ್ನು ಎಳೆದು ಟೈನಿಯ ಹೆಗಲಿಗೇರಿಸಿದ. ಶೈಲಾಳನ್ನು ತಾನೇ ಗಟ್ಟಿಯಾಗಿ ಹಿಡಿದು ತಂದ. ಅವರು ದಡ ಮುಟ್ಟುತ್ತಿದ್ದಂತೆ ಕಾರು ಮಗುಚಿ ಕೊಚ್ಚಿಹೋಯಿತು!

ಮಗಳು ನಡುಗುತ್ತಲೇ, “ಪಪ್ಪಾ, ಹೀ ಈಸ್ ನಾಟ್ ಟೈನಿ!” ಎಂದಳು. ಎಲ್ಲರೂ ಗೊಳ್ಳೆಂದು ನಕ್ಕರು. ನಾನೊಬ್ಬ ಅಳುತ್ತಿದ್ದೆ.

ಧಡೂತಿ ಆಳಿಗೆ ಟೈನಿ, ವೈಟ್ ಎಂಬ ಮನೆತನದವನಿಗೆ ಸೀಮೆಸುಣ್ಣದ ಬಿಳುಪೆಂದು ಚಾಕಿ. ತಮ್ಮಲ್ಲಿ ಅಡ್ಡಹೆಸರು ಇಲ್ಲದವರೇ ಇಲ್ಲ ಎಂದರು ಸಾರ್ಜೆಂಟರು.

“ಲೆಫ್ಟಿನೆಂಟರಿಗೆ?” ಎಂದೆ.

“ಇದೆ. ಆದ್ರೆ ಅವರ ಎದುರು ಹೇಳೋದಿಲ್ಲ” ಎಂದು ಕಣ್ಣು ಮಿಟುಕಿಸಿದರು.

ನಮ್ಮನ್ನು ಹೆದ್ದಾರಿಗೆ ಬಿಟ್ಟು ಹೊರಟೇಹೋದರು. ಲೆಫ್ಟಿನೆಂಟನ ನಿಜವಾದ ಹೆಸರು ಕೇಳಬೇಕಿತ್ತೆಂದು ಆಮೇಲೆ ಹೊಳೆಯಿತು. ಈಗಲೂ ಸಂಜೆ ದೀಪ ಹಚ್ಚಿದಾಗ ಧೃತಿ ಕೈ ಮುಗಿದು, “ದೇವರೇ, ಚಾಕಿ, ಟೈನಿ, ಸರ್, ಎಲ್ಲರಿಗೂ ಒಳ್ಳೇದು ಮಾಡು” ಎನ್ನುತ್ತಾಳೆ. ಅವಳ ಹಿಂದೆ ನಿಂತು ನಾನೂ ಆ ಹುಡುಗನಿಗೆ ಮನಸಾರೆ ‘ಸರ್’ ಎನ್ನುತ್ತೇನೆ.