ಅಳತೆಗೊಂದು ಜನ

ಎದುರುಮನೆ ರಾಯರಿಗೆ ಎಡಗಣ್ಣಿನ ಸುತ್ತ ಮಾತ್ರ ಸುಕ್ಕು. ಬಲಗಣ್ಣಿನ ಪಕ್ಕದ ಚರ್ಮ ಎಪ್ಪತ್ತು ದಾಟಿದರೂ ನುಣ್ಣಗೇ ಇತ್ತು. ಎಡಗಡೆ ಮಾತ್ರ ಬೀಸಣಿಗೆ ಬಿಚ್ಚಿಟ್ಟ ಹಾಗೆ ಕಿವಿಯವರೆಗೂ ಗೆರೆಗಳು. ಅರ್ಧ ಆಯುಷ್ಯ ಎಡಗಣ್ಣು ಮುಚ್ಚಿ, ಬಲಗಣ್ಣನ್ನು ಕ್ಯಾಮೆರಾಕ್ಕೆ ಒತ್ತಿ ನಿಂತದ್ದರ ಗುರುತು ಅದು. ಕೈಯಲ್ಲಿ ಕ್ಯಾಮೆರಾ ಇಲ್ಲದಾಗಲೂ ಅಭ್ಯಾಸ ಬಿಟ್ಟಿರಲಿಲ್ಲ. ಬೆಂಡೆಕಾಯಿ ಆರಿಸುವಾಗ, ಸಾರಿಗೆ ಉಪ್ಪು ಸಾಕೇ ಎಂದು ಯೋಚಿಸುವಾಗ, ಎದುರಿನವರು ಹೇಳುತ್ತಿರುವುದು ನಿಜವೇ ಎಂದು ತೂಗುವಾಗ ಆ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಪೆನಾಂಗಿನ ಬಯಾನ್ ಲೆಪಾಸಿನ ಕಾಂಡೊ ಫ್ಲ್ಯಾಟಿಗೆ ನಾವು ಬಂದ ಹೊಸದರಲ್ಲಿ, ಲಿಫ್ಟಿನಲ್ಲಿ ಅವರು ನನ್ನನ್ನು ಹಾಗೆ ನೋಡಿದಾಗ, ಮುದುಕ ಕಣ್ಣು ಹೊಡೆಯುತ್ತಿದ್ದಾನೆ ಎಂದೇ ತಿಳಿದು ಮುಖ ತಿರುಗಿಸಿದ್ದೆ. "ಮೈಸೂರು ಅಲ್ವಾ?" ಎಂದು ಆಮೇಲೆ ಕೇಳಿದರು. ನಾನು ಅಮ್ಮನ ಜೊತೆ ಫೋನಿನಲ್ಲಿ ಆಡುತ್ತಿದ್ದ ಮಾತು ಕೇಳಿ ಊರು ಯಾವುದೆಂದು ಲೆಕ್ಕ ಹಾಕುತ್ತಿದ್ದರಂತೆ.

ರಾಯರು ಉಡುಪಿಯವರು. ಪೆನಾಂಗಿನ ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಪಾಠ ಹೇಳಿ ನಿವೃತ್ತರಾದವರು. "ನಾನು ಹೆಣದ ಮೇಷ್ಟ್ರು ಮಾರಾಯ್ತಿ. ನನ್ನ ಪೇಶೆಂಟ್ ಒಬ್ಬರೂ ಇದುವರೆಗೆ ದೂರು ಹೇಳಿದ್ದಿಲ್ಲ" ಎನ್ನುತ್ತಿದ್ದರು. ಅವರನ್ನು ನಾನು ರಾಯರೇ ಎಂದು ಕರೆದರೆ, ಅವರ ಹೆಂಡತಿಯನ್ನು ಮಾಮಿ ಎನ್ನುತ್ತಿದ್ದೆ. ಮಕ್ಕಳಿರಲಿಲ್ಲ. ಮನೆ ತುಂಬ ಇದ್ದದ್ದು ಫೋಟೋಗಳು.

ಪೆನಾಂಗಿಗೆ ಬರುವ ಮೊದಲು ಮೂರು ವರ್ಷ ಅವರು ಜಪಾನಿನ ನಾರಾದಲ್ಲಿದ್ದರು. ವಾರವಿಡೀ ಲ್ಯಾಬು, ಭಾನುವಾರ ಗುಡಿಗಳು. ಮಾಮಿ ಸ್ಟೀಲ್ ಡಬ್ಬಿಗೆ ಮೊಸರನ್ನ ತುಂಬಿ, ಮೇಲೊಂದು ಮಿಡಿ ಉಪ್ಪಿನಕಾಯಿ ಒತ್ತಿ ಹೊರಡುವುದು. ರೈಲು, ಆಮೇಲೆ ಬಸ್ಸು, ಆಮೇಲೆ ನಡಿಗೆ. ನಾರಾ, ಕ್ಯೋಟೋ, ಅಲ್ಲಿಂದಾಚೆಯ ಹಳ್ಳಿಗಳ ಹೆಸರೇ ಕೇಳದ ಗುಡಿಗಳು, ಹಳೆಯ ಕೋಟೆಗಳು, ಪಾಚಿ ಹಿಡಿದ ಕಲ್ಲುದೀಪಗಳು, ಒಂದನ್ನೂ ಬಿಟ್ಟವರಲ್ಲ. ಆದರೆ ಅಷ್ಟು ಫೋಟೋಗಳಲ್ಲಿ ದೇವರು ಇರಲಿಲ್ಲ. ತೆಗೆಯಬಹುದು ಎಂದು ಅಲ್ಲಿನವರೇ ಹೇಳಿದ ಕಡೆಯೂ ಇವರು ಕ್ಯಾಮೆರಾ ಕೆಳಗಿಳಿಸಿ ಕೈಮುಗಿದರಂತೆ. "ಅವನು ಬುದ್ಧನಾದ್ರೆ ಎಂತ? ಗರ್ಭಗುಡಿ ಗರ್ಭಗುಡಿಯೇ" ಎಂಬುದು ಅವರ ವಾದ.

ಇನ್ನೊಂದು ವಿಚಿತ್ರವಿತ್ತು. ಪ್ರತಿ ಫೋಟೋದ ಒಂದು ಮೂಲೆಯಲ್ಲಿ ಮಾಮಿ ನಿಂತಿರುತ್ತಿದ್ದರು. ಹೆಬ್ಬಾಗಿಲ ಕಂಬದ ಬುಡದಲ್ಲಿ, ಮೆಟ್ಟಿಲ ಪಕ್ಕದಲ್ಲಿ, ಒಮ್ಮೆ ಜಿಂಕೆಯೊಂದು ಸೆರಗು ಜಗ್ಗುತ್ತಿರುವಾಗಲೂ ಅಲುಗಾಡದೆ. ಮುಖ ಸ್ಪಷ್ಟವಾಗಿ ಕಾಣುವಷ್ಟು ಹತ್ತಿರದಿಂದ ತೆಗೆದದ್ದು ಒಂದೂ ಇಲ್ಲ. ನನ್ನ ಮಗಳು ಒಂದು ದಿನ ಕೇಳಿಯೇಬಿಟ್ಟಳು, "ಅಂಕಲ್, ವೈ ಈಸ್ ಆಂಟಿ ಸೋ ಸ್ಮಾಲ್ ಲಾ?"

"ಆಂಟಿ ಸಣ್ಣ ಅಲ್ಲ ಮಗಾ, ಗುಡಿ ದೊಡ್ಡದು. ಅದು ಗೊತ್ತಾಗ್ಲಿಕ್ಕೆ ಅಳತೆಗೊಂದು ಜನ ಬೇಕಲ್ವಾ?"

ಅನಾಟಮಿಯವರ ಪದ್ಧತಿಯಂತೆ ಅದು. ಮೂಳೆಯ ಫೋಟೋ ತೆಗೆಯುವಾಗ ಪಕ್ಕದಲ್ಲಿ ಒಂದು ಸ್ಕೇಲು ಇಡಲೇಬೇಕು, ಇಲ್ಲದಿದ್ದರೆ ಅದು ಬೆರಳಿನದೋ ತೊಡೆಯದೋ ನೋಡಿದವರಿಗೆ ತಿಳಿಯುವುದಿಲ್ಲ. ಗುಡಿಗೂ ಅವರು ಅದೇ ಪದ್ಧತಿ ಹಚ್ಚಿದ್ದರು. ಮಾಮಿ ಒಳಗಿನಿಂದ ಕೂಗುತ್ತಿದ್ದರು: "ಲೋಕದವರೆಲ್ಲ ಹೆಂಡ್ತಿ ಫೋಟೋ ತೆಗಿತಾರೆ, ಹಿಂದೆ ಒಂದು ಗುಡಿ ಇರ್ತದೆ. ಇವರದ್ದು ಉಲ್ಟಾ. ನಾನು ಇವರ ಸ್ಕೇಲು!"

ಮಾಮಿ ಜಾಗದಲ್ಲಿ ನಿಂತ ಮೇಲೆ ರಾಯರು "ಒಂದು ಹೆಜ್ಜೆ ಎಡಕ್ಕೆ, ಇನ್ನೂ ಸ್ವಲ್ಪ" ಎನ್ನುತ್ತ ಸರಿಮಾಡುತ್ತಿದ್ದರು. ಫೋಟೋ ಮುಗಿದ ಮೇಲೆ ಒಂದೇ ಮಾತು: "ಹಾಂ, ಉಂಟು." ಅದನ್ನು ಕೇಳಿದ ಮೇಲೆಯೇ ಮಾಮಿ ಕದಲುವುದು. ಮದುವೆಯಾದ ಹೊಸದರಲ್ಲಿ, ಆ ಮಾತು ಬರುವ ಮೊದಲೇ ಸೆರಗು ಸರಿಮಾಡಿಕೊಳ್ಳಲು ಹೋಗಿ ಫೋಟೋ ಹಾಳು ಮಾಡಿ ಬೈಸಿಕೊಂಡಿದ್ದರಂತೆ.

ಇಷ್ಟೆಲ್ಲ ಗುಡಿ ಸುತ್ತಿದವರಿಗೆ ಒಂದು ಮಾತ್ರ ಕಾಣಲಿಲ್ಲ. ನಾರಾದಲ್ಲಿ ಅವರಿದ್ದ ಮನೆಯ ಹತ್ತಿರವೇ ಒಂದು ಹಳೆಯ ಗುಡಿ, ಅದರ ಅಂಗಳದಲ್ಲಿ ಅಂತಸ್ತಿನ ಮೇಲೆ ಅಂತಸ್ತು ಏರಿದ ಮರದ ಪಗೋಡ. ಇವರು ಹೋಗುವುದಕ್ಕೂ ಅದು ದುರಸ್ತಿಗೆ ಕೂರುವುದಕ್ಕೂ ಸರಿಹೋಯಿತು. ಸುತ್ತ ಸಾರವೆ, ಸಾರವೆಯ ಮೇಲೆ ಹೊದಿಕೆ. ಹಳೆಯ ಮರದ ಕೆಲಸ, ಒಂದೊಂದೇ ತೊಲೆ ಬಿಚ್ಚಿ ಮತ್ತೆ ಕೂಡಿಸಬೇಕು. ಮೂರು ವರ್ಷವೂ ಕಿಟಕಿ ತೆರೆದರೆ ಕಾಣುವುದು ಆ ಹೊದಿಕೆ. ಊರು ಬಿಡುವ ದಿನ ಅದರ ಮುಂದೆಯೇ ಮಾಮಿಯನ್ನು ನಿಲ್ಲಿಸಿ ಒಂದು ಫೋಟೋ ತೆಗೆದಿದ್ದರು. ಬಿಚ್ಚಿದ ಮೇಲೆ ಬಂದು ಇದೇ ಜಾಗದಲ್ಲಿ ಇನ್ನೊಂದು ತೆಗೆಯೋಣ ಎಂದು ಮಾತಾಗಿತ್ತು. ಆ ಹೊದಿಕೆಯ ಫೋಟೋಕ್ಕೆ ಕಟ್ಟು ಹಾಕಿಸಿ ಊಟದ ಮೇಜಿನ ಮೇಲ್ಗಡೆ ತೂಗುಹಾಕಿದ್ದರು. ಪಕ್ಕದ ಗೋಡೆ ಖಾಲಿ.

ಹೊದಿಕೆ ಬಿಚ್ಚಿದ ಸುದ್ದಿ ಬಂದದ್ದು ಕೊರೋನಾದ ಹಿಂದಿನ ವರ್ಷದ ಕೊನೆಯಲ್ಲಿ. ನಾರಾದ ಹಳೆಯ ಸಹೋದ್ಯೋಗಿಯೊಬ್ಬರು ಬರೆದಿದ್ದರು. ಅಷ್ಟು ಹೊತ್ತಿಗೆ ಮಾಮಿಗೆ ಗ್ಲಾಕೋಮಾ ಜೋರಾಗಿತ್ತು. ಅಂಚುಗಳು ಹೋಗಿ, ನಟ್ಟನಡುವಿನದಷ್ಟೇ ಕಾಣುತ್ತಿತ್ತು. ಈಗಲೇ ಹೋಗಿ ಬನ್ನಿ ರಾಯರೇ ಎಂದು ನಾನು ಹೇಳಿದೆ. ಟಿಕೆಟ್ಟನ್ನು ನಾನೇ ಕಂಪ್ಯೂಟರಿನಲ್ಲಿ ಹುಡುಕಿಯೂ ಕೊಟ್ಟೆ. ರಾಯರು ಎಡಗಣ್ಣು ಮುಚ್ಚಿದರು.

"ಅಲ್ಲಿ ಪೂಜೆ ಆಗ್ಲಿಕ್ಕೆ ಉಂಟು ಮಾರಾಯ್ತಿ, ಏಪ್ರಿಲಿನಲ್ಲಿ. ಜೀರ್ಣೋದ್ಧಾರ ಆದ ಗುಡಿಗೆ ಬ್ರಹ್ಮಕಲಶದ ಮೊದಲೇ ಹೋಗುದು ಉಂಟಾ? ದೇವರಿಗೆ ಕಳೆಯೇ ಬಂದಿರುದಿಲ್ಲ."

"ಜಪಾನಲ್ಲಿ ಯಾವ ಬ್ರಹ್ಮಕಲಶ ರಾಯರೇ?"

"ಅವರು ಬೇರೆ ಎಂತದೋ ಹೆಸರು ಹೇಳ್ತಾರೆ. ಎಲ್ಲ ಒಂದೇ. ಇಷ್ಟು ವರ್ಷ ಕಾದದ್ದು, ಇನ್ನು ನಾಲ್ಕು ತಿಂಗಳು ಕಾಯುವ."

ಉಡುಪಿಯವರಲ್ಲದೆ ಬೇರೆ ಯಾರೂ ಹೀಗೆ ಕಾಯುತ್ತಿರಲಿಲ್ಲ. ಮಾಮಿಯೂ ಅದೇ ಊರಿನವರು, ಹೌದು ಎಂದು ತಲೆಯಾಡಿಸಿದರು. ಟಿಕೆಟ್ ಏಪ್ರಿಲಿಗಾಯಿತು. ಮಾರ್ಚಿನಲ್ಲಿ ಇಲ್ಲಿ ಎಲ್ಲ ಬಂದ್ ಆಯಿತು, ಅತ್ತ ಜಪಾನಿನ ಬಾಗಿಲೂ ಮುಚ್ಚಿತು.

ಆ ವರ್ಷ ನಮ್ಮ ಕಾರಿಡಾರೇ ನಮಗೆ ಲೋಕ. ಮನೆಗೊಬ್ಬರಂತೆ ಅಂಗಡಿಗೆ ಹೋಗಬಹುದಿತ್ತು. ನನ್ನ ಗಂಡ ಕಂಪ್ಯೂಟರ್ ಚಿಪ್ ಫ್ಯಾಕ್ಟರಿಯಿಂದ ಬರುವಾಗ ಎರಡೂ ಮನೆಗೆ ತಮಿಳರ ಅಂಗಡಿಯಿಂದ ಸಾಮಾನು ತರುತ್ತಿದ್ದರು. ಸಂಜೆ ನನ್ನ ಆಫೀಸಿನ ಮೀಟಿಂಗು ಮುಗಿದ ಮೇಲೆ ನಾನು ನಮ್ಮ ಹೊಸ್ತಿಲಲ್ಲಿ, ಅವರಿಬ್ಬರು ಅವರ ಹೊಸ್ತಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆವು. ರಾಯರು ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟು ಹಳೆಯ ಫೋಟೋ ಒಂದೊಂದಾಗಿ ಮಾಮಿಗೆ ವಿವರಿಸುತ್ತಿದ್ದರು. ಮಾಮಿ ಪರದೆಗೆ ಮೂಗು ತಾಗಿಸಿ ನೋಡುತ್ತಿದ್ದರು. ಮಳೆಗಾಲದ ಹೊತ್ತಿಗೆ ನೋಡುವುದನ್ನು ಬಿಟ್ಟು ಕೇಳುವುದಷ್ಟೇ ಆಯಿತು. ರಾಯರ ದನಿ ಮಾತ್ರ ಬದಲಾಗಲಿಲ್ಲ. "ಇದು ಆ ಬೆಟ್ಟದ ಮೇಲಿನದ್ದು. ನಿನಗೆ ಚಪ್ಪಲಿ ಕಚ್ಚಿ ಕುಂಟುತ್ತಾ ಬಂದದ್ದು ನೋಡು. ಹಸಿರು ಸೀರೆ."

"ಹಸಿರಲ್ಲ, ನವಿಲು ಬಣ್ಣ" ಎಂದು ಮಾಮಿ ತಿದ್ದುತ್ತಿದ್ದರು. ಕಣ್ಣಿಲ್ಲದ ಮೇಲೂ ಸೀರೆಯ ವಿಷಯದಲ್ಲಿ ಅವರನ್ನು ಸೋಲಿಸಲಾಗುತ್ತಿರಲಿಲ್ಲ.

ಆ ಕಾರಿಡಾರಿನಲ್ಲೇ ರಾಯರು ನನಗೆ ಫೋಟೋ ತೆಗೆಯುವುದನ್ನು ಕಲಿಸಿದರು. ಗುಡಿಯಿಲ್ಲ, ಲಿಫ್ಟಿನ ಬಾಗಿಲು. ಅದರ ಪಕ್ಕ ಮಾಮಿಯನ್ನು ನಿಲ್ಲಿಸುವುದು. "ಎಡಗಣ್ಣು ಮುಚ್ಚು. ಮೊದಲು ದೊಡ್ಡದನ್ನು ನೋಡು, ಆಮೇಲೆ ಸಣ್ಣದನ್ನು. ಕೊನೆಗೆ ಸಣ್ಣದು ಬಿಟ್ಟು ಬೇರೆಂತದೂ ಕಾಣುದಿಲ್ಲ, ಆಗ ಒತ್ತು." ನಾನು ತೆಗೆದದ್ದರಲ್ಲಿ ಲಿಫ್ಟು ಸೊಟ್ಟಗಿತ್ತು. ಅವರು ಬೈಯಲಿಲ್ಲ. ಹಾಂ, ಉಂಟು ಎಂದೂ ಹೇಳಲಿಲ್ಲ.

ಒಮ್ಮೆ ಪಗೋಡ ಈಗ ಹೇಗಿದೆಯೋ ಇಂಟರ್ನೆಟ್ಟಿನಲ್ಲಿ ನೋಡೋಣವೇ ಎಂದು ಕೇಳಿದೆ. ಮಾಮಿ ಒಳಗೆ ಹೋಗಿದ್ದರು. ರಾಯರು ಲ್ಯಾಪ್‌ಟಾಪ್ ಮುಚ್ಚಿದರು. "ಬೇಡ ಮಾರಾಯ್ತಿ. ನಾನೊಬ್ಬನೇ ನೋಡಿ ಎಂತ ಮಾಡುದು? ಆವಾಗ ಹೋಗಿದ್ರೆ ಅವಳಿಗೆ ಅಷ್ಟಾದ್ರೂ ಕಣ್ಣಿತ್ತು. ನನಗೆ ಬ್ರಹ್ಮಕಲಶ ಬೇಕಿತ್ತು." ಎಡಗಣ್ಣಿನ ಸುಕ್ಕಿನಲ್ಲಿ ನೀರು ಇಳಿದು ಗೆರೆಗೆರೆಯಾಗಿ ಹರಡಿತು. ನನಗೂ ಅಳು ಬಂತು. ಎದ್ದು ಹೋಗಿ ಅವರ ಕೈ ಹಿಡಿಯುವ ಹಾಗೂ ಇರಲಿಲ್ಲ, ನಡುವೆ ಕಾರಿಡಾರು ಬಿಟ್ಟು ಕೂರಬೇಕಾದ ಕಾಲ.

ಮರುವರ್ಷ ಸೋಂಕು ಎಲ್ಲ ಕಡೆ ಹಬ್ಬಿದಾಗ ರಾಯರಿಗೂ ತಗಲಿತು. ಮಾಮಿಗೆ ಏನೂ ಆಗಲಿಲ್ಲ. ರಾಯರು ಎರಡು ದಿನ ಬರೀ ಕೆಮ್ಮು ಎಂದರು, ಮೂರನೆಯ ದಿನ ಮಾತಿಗೆ ಉಸಿರು ಸಾಲಲಿಲ್ಲ. ಮಧ್ಯಾಹ್ನ ಆಂಬ್ಯುಲೆನ್ಸ್ ಬಂತು. ಮೈತುಂಬ ಬಿಳಿ ತೊಟ್ಟ ಇಬ್ಬರು ಗಾಲಿಕುರ್ಚಿಯಲ್ಲಿ ಅವರನ್ನು ಕೂರಿಸಿಕೊಂಡು ಲಿಫ್ಟಿನತ್ತ ಹೊರಟರು. ನಾನು ನಮ್ಮ ಕಬ್ಬಿಣದ ಗ್ರಿಲ್ಲಿನ ಹಿಂದೆ ನಿಂತಿದ್ದೆ. ಮಾಮಿ ತಮ್ಮ ಬಾಗಿಲಿಗೆ ಬಂದರು. ದಿಕ್ಕು ತಪ್ಪಿ ಅರ್ಧ ಮೈ ಚೌಕಟ್ಟಿನ ಮರೆಗೆ ಸರಿದಿತ್ತು. ಲಿಫ್ಟಿನ ಒಳಗಿನಿಂದ ರಾಯರು ಕುರ್ಚಿಯನ್ನು ತಿರುಗಿಸಲು ಕೈಸನ್ನೆ ಮಾಡಿದರು. ಮೂಗಿನ ಮೇಲಿದ್ದ ಆಕ್ಸಿಜನ್ ಮಾಸ್ಕನ್ನು ತಾವೇ ಎತ್ತಿ ಹಿಡಿದರು.

"ಇವಳೇ, ಒಂದು ಹೆಜ್ಜೆ ಎಡಕ್ಕೆ."

ಮಾಮಿ ಎಡಕ್ಕೆ ಸರಿದು ನೆಟ್ಟಗೆ ನಿಂತರು. ರಾಯರು ಎಡಗಣ್ಣು ಮುಚ್ಚಿದರು.

"ಹಾಂ, ಉಂಟು."

ಲಿಫ್ಟಿನ ಬಾಗಿಲು ಮುಚ್ಚಿತು. ನಾನು ಅವರನ್ನು ನೋಡಿದ್ದು ಅದೇ ಕೊನೆ. ಆಸ್ಪತ್ರೆಯಿಂದ ಮರಳಲಿಲ್ಲ. ದಹನವನ್ನು ನಾವು ಫೋನಿನಲ್ಲಿ ನೋಡಿದೆವು. ಮಾಮಿ ತಮ್ಮ ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡಿದ್ದರು, ಅದರಲ್ಲಿ ಸದ್ದೇ ಇರಲಿಲ್ಲ.

ಉಡುಪಿಯಿಂದ ಮಾಮಿಯ ತಂಗಿ ಬಾ ಬಾ ಎಂದು ಕರೆಯುತ್ತಲೇ ಇದ್ದರು. ವಿಮಾನಗಳು ಶುರುವಾದರೂ ಮಾಮಿ ಹೊರಡಲಿಲ್ಲ. ಮುಂದಿನ ವರ್ಷದ ಕೊನೆಗೆ ಜಪಾನಿನ ಬಾಗಿಲು ತೆರೆಯಿತು ಎಂದು ನಾನು ಸುಮ್ಮನೆ ಸುದ್ದಿ ಹೇಳಿದ್ದೇ ತಡ, "ನನ್ನನ್ನು ಕರ್ಕೊಂಡು ಹೋಗ್ತೀಯಾ? ಆಮೇಲೆ ಊರಿಗೆ ಹೋಗ್ತೇನೆ" ಎಂದರು.

"ಮಾಮೀ..." ಎಂದು ತಡವರಿಸಿದೆ. ಅವರೇ ಅರ್ಥ ಮಾಡಿಕೊಂಡರು.

"ಕಣ್ಣು ಕಾಣುದಿಲ್ಲ, ಗೊತ್ತುಂಟು. ಅಳತೆಗೆ ನಿಲ್ಲಲಿಕ್ಕೆ ಕಣ್ಣು ಎಂತಕ್ಕೆ? ನಾನು ಯಾವ ಗುಡಿಯನ್ನೂ ನೋಡ್ತಾ ನಿಂತದ್ದಲ್ಲ ಮಗಳೇ. ಬೆನ್ನು ಗುಡಿಗೆ, ಮುಖ ಇವರಿಗೆ. ನಾನು ನೋಡಿದ್ದು ಇವರನ್ನು. ಪಾಪ, ನನಗೆ ಗೋಪುರ ಕಾಣ್ಲಿಲ್ಲಂತ ಕೊರಗಿ ಕೊರಗಿ ಹೋದ್ರು."

ನಾವಿಬ್ಬರೇ ಹೋದೆವು. ಡಬ್ಬಿಯಲ್ಲಿ ಮೊಸರನ್ನ, ನನ್ನ ಕೊರಳಲ್ಲಿ ರಾಯರ ಕ್ಯಾಮೆರಾ. ಚಳಿ ಹಿಡಿದ ಬೆಳಗ್ಗೆ ಆ ಅಂಗಳಕ್ಕೆ ಕಾಲಿಟ್ಟಾಗ ನಾನು ತಲೆಯೆತ್ತಿ ನೋಡಿದೆ. ಸಾರವೆಯಿಲ್ಲ, ಹೊದಿಕೆಯಿಲ್ಲ. ಕಪ್ಪು ಸೂರುಗಳು ಒಂದರ ಮೇಲೊಂದು ರೆಕ್ಕೆ ಚಾಚಿ ಆಕಾಶಕ್ಕೆ ಏರಿದ್ದವು.

"ಎಲ್ಲ ಬಿಚ್ಚಿದ್ದಾರಾ?" ಮಾಮಿ ಕೇಳಿದರು.

"ಎಲ್ಲ ಬಿಚ್ಚಿದ್ದಾರೆ ಮಾಮಿ."

ಮನೆಯ ಗೋಡೆಯಲ್ಲಿದ್ದ ಹಳೆಯ ಫೋಟೋ ತೆಗೆದ ಜಾಗವನ್ನು ಹುಡುಕಿ, ಕಲ್ಲುದೀಪದ ಪಕ್ಕ ಅವರನ್ನು ನಿಲ್ಲಿಸಿದೆ. ದಾರಿ ತಡಕುವ ಕೋಲನ್ನು ಮಡಚಿ ಸೆರಗಿನ ಹಿಂದೆ ಅಡಗಿಸಿಕೊಂಡರು. ನವಿಲು ಬಣ್ಣದ ಸೀರೆ, ಮೇಲೊಂದು ಸ್ವೆಟರ್. ನಾನು ಹಿಂದೆ ಹಿಂದೆ ನಡೆದು ಬಂದು ಎಡಗಣ್ಣು ಮುಚ್ಚಿದೆ. ಮೊದಲು ದೊಡ್ಡದನ್ನು ನೋಡಿದೆ. ಆಮೇಲೆ ಸಣ್ಣದನ್ನು. ಒಂದು ಹೆಜ್ಜೆ ಎಡಕ್ಕೆ ಮಾಮಿ ಎಂದು ಕೂಗಿದೆ, ಸರಿದರು. ನೋಡುತ್ತಾ ನೋಡುತ್ತಾ ಗೋಪುರ ಕಾಣದಾಯಿತು. ಒತ್ತಿದೆ.

ಮಾಮಿ ಅಲ್ಲಾಡಲಿಲ್ಲ. ಆಯ್ತು ಮಾಮಿ, ಬನ್ನಿ ಎಂದೆ. ಕೇಳಿಸಲಿಲ್ಲವೇನೋ ಎಂದು ಮತ್ತೆ ಕೂಗಿದೆ. ಮುಖವನ್ನು ನನ್ನ ಕಡೆಗೆ, ಕ್ಯಾಮೆರಾದ ಕಡೆಗೆ ಇಟ್ಟು ಹಾಗೇ ನಿಂತಿದ್ದರು. ಗಾಳಿಗೆ ಸೆರಗು ಹಾರಿದರೂ ಸರಿಮಾಡಿಕೊಳ್ಳಲಿಲ್ಲ. ಅವರು ಯಾವ ಮಾತಿಗೆ ಕಾಯುತ್ತಿದ್ದಾರೆಂದು ಆಗ ನನಗೆ ತಿಳಿಯಿತು. ಅದು ನಮ್ಮ ಮೈಸೂರಿನ ಕಡೆಯ ಮಾತಲ್ಲ, ಅದುವರೆಗೆ ನಾನು ಆಡಿದವಳೂ ಅಲ್ಲ. ಎರಡು ಸಲ ಪ್ರಯತ್ನಿಸಿ ಮೂರನೆಯ ಸಲಕ್ಕೆ ಹೇಳಿದೆ.

"ಹಾಂ, ಉಂಟು."

ಮಾಮಿ ಸೆರಗು ಸರಿಮಾಡಿಕೊಂಡರು. ಕೋಲು ಬಿಚ್ಚಿ, ನನ್ನ ದನಿ ಬಂದ ಕಡೆಗೆ ಮೆಲ್ಲಗೆ ನಡೆದು ಬಂದರು.