ದೇವರ ಕಪಾಟಿನ ಕೆಳಗಿನ ಸೋಫಾ

ಫ್ಲ್ಯಾಟಿನ ಬಾಗಿಲ ಗೇಟಿನ ಕಂಬಿ ಹಿಡಿದಿದ್ದ ಮೇಘನಾಳ ಉಗುರುಗಳು ಸುಣ್ಣ ಬಳಿದಂತೆ ಬೆಳ್ಳಗಿದ್ದವು. ನಾನು ಮೊದಲು ನೋಡಿದ್ದು ಅದನ್ನೇ. ಆದರೆ ಮೊದಲು ಮಾಡಿದ್ದು ಬೈಯುವ ಕೆಲಸ. ನನ್ನ ಬಾಯಿ ಬೊಂಬಾಯಿ.

"ಎಂಟು ದಿನ ಎಲ್ಲಿ ಅಲೀತಿದ್ದೆ? ಒಂದು ಮೆಸೇಜ್ ಹಾಕಕ್ಕಾಗಲ್ವಾ? ಬಾ ಒಳಗೆ."

"ಬೇಡ ಆಂಟಿ, ಇಲ್ಲೇ ಇರ್ತೀನಿ. ಸ್ವಲ್ಪ ನೀರು ಕೊಡಿ, ಸಾಕು."

ನೀರು ತರುವಷ್ಟರಲ್ಲಿ ಅವಳು ಕಾರಿಡಾರಿನಲ್ಲಿ ಕುಸಿದು, ಚಪ್ಪಲಿ ಸ್ಟ್ಯಾಂಡಿಗೆ ಒರಗಿಬಿಟ್ಟಿದ್ದಳು.

ಮೇಘನಾ ನನ್ನ ಮಗಳಲ್ಲ. ಈ ಪರದೇಶದ ಊರಿನಲ್ಲಿ ನಡೆಯುವ ಭಾನುವಾರದ ಕನ್ನಡ ಕ್ಲಾಸಿನಲ್ಲಿ ನನ್ನ ಹತ್ತಿರ ಅಕ್ಷರ ಕಲಿತ ಹುಡುಗಿ. ಈಗ ಇಪ್ಪತ್ತೊಂದು ವರ್ಷ. ಅಪ್ಪ ಅಮ್ಮ ಇದೇ ಊರಿನ ಸೆರಂಗೂನ್‌ನ ಕಾಂಡೋ ಅಪಾರ್ಟ್‌ಮೆಂಟಿನಲ್ಲಿದ್ದಾರೆ. ಅಪ್ಪನ ಜೊತೆ ಏನೋ ಜಗಳವಾಗಿ ಮನೆ ಬಿಟ್ಟಿದ್ದಾಳೆ ಎಂದಷ್ಟೇ ನನಗೆ ಗೊತ್ತಿತ್ತು. ಗೆಳತಿಯರ ಕೋಣೆ, ಪರಿಚಯದ ಆಂಟಿಯರ ಮನೆ, ಹೀಗೆ ವಾರಕ್ಕೊಂದು ಕಡೆ ಮಲಗುತ್ತ ಕೊನೆಗೆ ವುಡ್‌ಲ್ಯಾಂಡ್ಸ್‌ನ ನನ್ನ ಫ್ಲ್ಯಾಟಿಗೆ ಬಂದಿದ್ದಳು. ಇರುವುದು ಒಂದೇ ಮಲಗುವ ಕೋಣೆ. ಹಾಲಿನ ಸೋಫಾ ಅವಳಿಗೆ ಕೊಟ್ಟೆ. ಅದರ ಮೇಲೆ ಗೋಡೆಯಲ್ಲಿ ನನ್ನ ದೇವರ ಕಪಾಟು.

ಬಂದ ದಿನವೇ ಮನೆಯ ಪದ್ಧತಿ ಹೇಳಿದ್ದೆ. ಆ ಮೂರು ದಿನ ಅಡುಗೆಮನೆಗೆ ಬರಬೇಡ, ದೇವರ ಹತ್ತಿರ ಸುಳಿಯಬೇಡ. ಅವಳು ತಲೆಯಾಡಿಸಿದ್ದಳು. ಮೈಸೂರಿನಲ್ಲಿ ನನ್ನ ಅಜ್ಜಿ ನನಗೆ ಹೇಳಿದ್ದು, ನಾನು ಅವಳಿಗೆ ಹೇಳಿದ್ದು. ಅದರಲ್ಲಿ ಯೋಚಿಸುವಂಥದ್ದೇನಿದೆ ಅಂದುಕೊಂಡಿದ್ದೆ.

ಆಮೇಲೆ ಅವಳು ಆಗಾಗ ಕಾಣೆಯಾಗತೊಡಗಿದಳು. ಒಮ್ಮೆ ನಾಲ್ಕು ದಿನ, ಒಮ್ಮೆ ಆರು ದಿನ. ಯಾರೋ ಹುಡುಗನ ಸಹವಾಸ ಎಂದು ನಾನು ಮನಸ್ಸಿನಲ್ಲೇ ತೀರ್ಪು ಬರೆದಿಟ್ಟಿದ್ದೆ.

ಕುಸಿದವಳನ್ನು ಕರೆದೊಯ್ದ ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್ ಐದೂವರೆ, ಇರಬೇಕಾದ್ದರ ಅರ್ಧಕ್ಕೂ ಕಡಿಮೆ ಎಂದರು.

ಡಾಕ್ಟರ್ ಚಿಕ್ಕ ವಯಸ್ಸಿನ ಹೆಂಗಸು. ಮೆಲುದನಿ. ಪರದೆ ಎಳೆಯುವ ಮೊದಲು ನನ್ನನ್ನು ಹೊರಗಿರಲು ಹೇಳಿದರು. ನನಗೆ ಕೋಪ ಬಂತು. ಕರೆತಂದವಳು ನಾನು, ಕೇಳಬೇಕಾದ್ದು ನನ್ನನ್ನಲ್ಲವೇ? ಪರದೆಯಾಚೆಯಿಂದ ಅವರ ಇಂಗ್ಲಿಷ್ ಕೇಳುತ್ತಿತ್ತು. ಎಷ್ಟು ದಿನದಿಂದ ರಕ್ತ ಹೋಗುತ್ತಿದೆ, ಎಲ್ಲಿ ಮಲಗುತ್ತೀಯ, ಪ್ಯಾಡ್ ಸಿಗುತ್ತದೆಯೇ, ಆ ಆಂಟಿ ಒಳಗೆ ಬರುವುದು ನಿನಗೆ ಇಷ್ಟವೇ? ಇಪ್ಪತ್ತೊಂದರ ಹುಡುಗಿಯ ಮೈ ಅವಳದೇ ಎಂಬಂತೆ ಕೇಳುತ್ತಿದ್ದರು. ನನ್ನ ಮೈಯ ಬಗ್ಗೆ ಈ ಅರವತ್ತು ವರ್ಷದಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ನಿಂತಲ್ಲೇ ಕೋಪ ಇಳಿದುಹೋಯಿತು.

"ಆಂಟಿ ಬರ್ಲಿ," ಅಂದಳು ಮೇಘನಾ.

ಆಗ ಎಲ್ಲ ಹೊರಬಂತು. ಹದಿನೆಂಟಕ್ಕೇ ಅವಳಿಗೆ ಪಿಸಿಓಎಸ್ ಎಂಬ ಅಂಡಾಶಯದ ತೊಂದರೆ ಇದೆ ಎಂದು ಗೊತ್ತಾಗಿತ್ತು. ತಿಂಗಳುಗಟ್ಟಲೆ ಮುಟ್ಟು ನಿಲ್ಲುವುದು, ಬಂದರೆ ವಾರಗಟ್ಟಲೆ ಹರಿಯುವುದು. ಅದಕ್ಕೆ ಕೊಟ್ಟಿದ್ದು ಹಾರ್ಮೋನ್ ಮಾತ್ರೆ, ಮಕ್ಕಳಾಗದಿರಲು ನುಂಗುವ ಮಾತ್ರೆಯೇ. ಅಪ್ಪ ಅದನ್ನು ಬ್ಯಾಗಿನಲ್ಲಿ ಕಂಡರು. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಬಾಗಿಲು ತೋರಿಸಿದರು. ಆಮೇಲೆ ಅಪಾಯಿಂಟ್‌ಮೆಂಟಿನ ಕಾಗದಗಳು ಆ ಮನೆಗೇ ಹೋದವು, ಇವಳ ಕೈಗೆ ಒಂದೂ ಬರಲಿಲ್ಲ.

"ಮಾತ್ರೆ ಯಾಕಮ್ಮ ಬಿಟ್ಟೆ?"

"ಅದ್ರಿಂದ ಒಂದು ಮನೆ ಹೋಯ್ತು ಆಂಟಿ. ನಿಮ್ಮನೇನೂ ಹೋದ್ರೆ?"

"ಸರಿ, ಬ್ಲೀಡಿಂಗ್ ಆಗ್ತಿದೆ ಅಂತಾದ್ರೂ ಹೇಳ್ಬಾರ್ದಿತ್ತಾ? ಎಲ್ಲಿ ಹೋಗಿದ್ದೆ?"

"ನಮ್ಮ ಹಿಂದಿನ ಬ್ಲಾಕ್‌ನ ವಾಯ್ಡ್ ಡೆಕ್‌ನಲ್ಲಿದ್ದೆ, ಆ ಕೆಳಗಿನ ಖಾಲಿ ಜಾಗದಲ್ಲಿ. ಆ ದಿನ ದೇವರ ಹತ್ರ ಬರಬೇಡ ಅಂದಿದ್ರಲ್ಲ. ನಾನು ಮಲಗೋದೇ ದೇವರ ಕೆಳಗೆ."



ನಾನು ಬೆಳಿಗ್ಗೆ ದೀಪ ಹಚ್ಚಿ, ಅವಳಿಗೆ ಒಳ್ಳೆ ಬುದ್ಧಿ ಕೊಡಪ್ಪ ಎಂದು ಬೇಡುವಾಗ, ಅವಳು ನನ್ನ ಮಡಿ ಕಾಯಲೆಂದು ಸಿಮೆಂಟು ಬೆಂಚಿನ ಮೇಲೆ ರಕ್ತ ಸುರಿಸುತ್ತ ಕೂತಿದ್ದಳು. ಈಜುಕೊಳದ ಶವರಿನಲ್ಲಿ ಸ್ನಾನ, ಮಾಲ್‌ನ ಟಾಯ್ಲೆಟ್ಟಿನಲ್ಲಿ ಬಟ್ಟೆ ಒಗೆತ. ಯಾವ ಎಂಆರ್‌ಟಿ ರೈಲು ಸ್ಟೇಷನ್ನಿನಲ್ಲಿ ಸೋಪು ಇರುತ್ತದೆ ಎಂಬುದು ಅವಳಿಗೆ ಬಾಯಿಪಾಠ. ಈ ಹುಡುಗಿಯ ಗಟ್ಟಿತನಕ್ಕೆ ಬೆರಗಾದೆ. ನನ್ನ ದಡ್ಡತನಕ್ಕೂ.

ಇನ್ನೊಂದನ್ನೂ ಮುಚ್ಚಿಡದೆ ಬರೆಯುತ್ತೇನೆ. ಡಾಕ್ಟರ್ ಅದೇ ಮಾತ್ರೆಯ ಹೆಸರು ಹೇಳಿದಾಗ, ಇಷ್ಟೆಲ್ಲ ಕೇಳಿಯೂ, ನನ್ನ ಮುಖ ಒಂದು ಕ್ಷಣ ಗಂಟಿಕ್ಕಿತು. ಅವಳು ನೋಡಿದಳು. ನೋಡಿ ಕಣ್ಣು ತಗ್ಗಿಸಿದಳು.

ರಾತ್ರಿಯೊಳಗೆ ಎರಡು ಚೀಲ ರಕ್ತ ಏರಿಸಿದರು. ತೊಟ್ಟು ತೊಟ್ಟಾಗಿ ಇಳಿಯುವುದನ್ನೇ ನೋಡುತ್ತ ಕೂತೆ. ಯಾರದೋ ರಕ್ತ. ಹಾಕರ್ ಸೆಂಟರಿನಲ್ಲಿ ನೂಡಲ್ಸ್ ಬೇಯಿಸುವ ಅಂಕಲ್‌ದೋ, ಬಸ್ ಓಡಿಸುವ ಹೆಂಗಸಿನದೋ. ಮಡಿಯೋ ಮೈಲಿಗೆಯೋ ಎಂದು ಅದು ಕೇಳಲಿಲ್ಲ. ಎರಡನೆಯ ಚೀಲ ಮುಗಿಯುವ ಹೊತ್ತಿಗೆ ಅವಳ ಉಗುರಿನ ಬುಡದಲ್ಲಿ ಎಳೆ ಗುಲಾಬಿ ಬಣ್ಣ ಮೂಡಿತು. ನಾನು ಬೆರಳುಗಳನ್ನು ಒಂದೊಂದಾಗಿ ಹಿಡಿದು ನೋಡಿದೆ. ಗರ್ಭಗುಡಿಯಲ್ಲಿ ಮಂಗಳಾರತಿಯ ಹೊತ್ತಿಗೆ ಮೈ ಜುಮ್ಮೆನ್ನುತ್ತದಲ್ಲ, ಹಾಗೇ ಆಯಿತು.

ಡಿಸ್ಚಾರ್ಜ್ ದಿನ ಡಾಕ್ಟರ್ ಸ್ಪಷ್ಟವಾಗಿ ಹೇಳಿದರು: ಮಾತ್ರೆ ತಪ್ಪಬಾರದು, ಮೂರು ತಿಂಗಳು ಬಿಡದೆ ತೋರಿಸಬೇಕು, ಇಲ್ಲದಿದ್ದರೆ ಮತ್ತೆ ಇದೇ ಗತಿ. ಕೌಂಟರಿನಲ್ಲಿ ಕಾಗದ ಕಳಿಸಲು ವಿಳಾಸ ಕೇಳಿದರು. ಮೇಘನಾ ಸುಮ್ಮನೆ ನೆಲ ನೋಡಿದಳು. ನಾನು ನನ್ನ ಬ್ಲಾಕ್ ನಂಬರು, ಮನೆ ನಂಬರು, ಪೋಸ್ಟಲ್ ಕೋಡ್ ಹೇಳಿದೆ. ಸರಿಯಾಗಿ ಬರೆದುಕೊಂಡರೋ ಎಂದು ಇಣುಕಿಯೂ ನೋಡಿದೆ.

ಮಾತ್ರೆಯ ಪಟ್ಟಿ ಈಗ ದೇವರ ಕಪಾಟಿನಲ್ಲಿ, ಕುಂಕುಮದ ಬಟ್ಟಲಿನ ಪಕ್ಕದಲ್ಲಿದೆ. ನಾನು ದೀಪ ಹಚ್ಚಿದ ಕೂಡಲೇ ಅವಳು ಒಂದು ನುಂಗುತ್ತಾಳೆ. ಪೂರ್ತಿ ಗುಣವಾಗುವ ಕಾಯಿಲೆಯಲ್ಲವಂತೆ, ಹತೋಟಿಯಲ್ಲಿ ಇಡಬಹುದಂತೆ. ಸದ್ಯಕ್ಕೆ ಅಷ್ಟು ಸಾಕು.

ಮೊನ್ನೆ ಬೆಳಿಗ್ಗೆ ಹತ್ತಕ್ಕೆ ಅವಳು ಅಂಗಡಿಯಿಂದ ಬಂದು ಗೇಟಿನ ಹೊರಗೇ ನಿಂತಳು.

"ಆಂಟಿ, ಇವತ್ತು ಶುರುವಾಯ್ತು."

ಅರವತ್ತು ವರ್ಷದ ಪದ್ಧತಿ, ಒಂದೇ ದಿನಕ್ಕೆ ಬಿಟ್ಟು ಹೋಗುತ್ತದೆಯೇ? ಆದರೂ ಗೇಟು ತೆಗೆದೆ.

"ಒಳಗೆ ಬಾ. ಸೋಫಾ ಮೇಲೆ ಮಲಕ್ಕೋ."

ಅವಳು ಕಪಾಟಿನ ಕಡೆ ನೋಡಿದಳು.

"ಅವನಿಗೆ ಕಷ್ಟ ಆದ್ರೆ ಅವನೇ ವಾಯ್ಡ್ ಡೆಕ್‌ಗೆ ಹೋಗ್ಲಿ," ಅಂದೆ.

"ಅಯ್ಯೋ ಆಂಟಿ, ಹಾಗೆಲ್ಲ ಹೇಳ್ಬಾರ್ದು ಲಾ!" ಎಂದು ಈ ಊರಿನವರ ರಾಗದಲ್ಲಿ ಹೇಳಿ ನಕ್ಕಳು.

ಬಿಸಿನೀರಿನ ಚೀಲ ಹೊಟ್ಟೆಗೆ ಒತ್ತಿಕೊಂಡು ಅರೆಗಳಿಗೆಯಲ್ಲಿ ನಿದ್ದೆ ಹೋದಳು. ಮೇಲೆ ದೀಪ ಉರಿಯುತ್ತಲೇ ಇತ್ತು. ನಾನು ಎದುರು ನಿಂತು, ತಪ್ಪಾಯಿತು ತಪ್ಪಾಯಿತು ಎಂದು ಗಲ್ಲ ಬಡಿದುಕೊಂಡೆ. ಕಣ್ಣು ಮಾತ್ರ ಕಪಾಟಿನ ಮೇಲಿರಲಿಲ್ಲ, ಸೋಫಾದ ಮೇಲಿತ್ತು.