ಅತ್ತೆಯ ಬಚ್ಚಲ ಕಲ್ಲುಗಳು

ನಮ್ಮತ್ತೆ ಮೂವತ್ತು ವರ್ಷ ಹೊಳೆಯಲ್ಲಿ ಬಾಣಲೆ ಆಡಿಸಿ ಚಿನ್ನ ಹುಡುಕಿದವಳು. ಮರಳೆಲ್ಲ ನೀರಿನ ಜೊತೆ ಹರಿದುಹೋದರೂ ಕೆಲವು ಕೆಂಪು ಕಲ್ಲು ಮಾತ್ರ ಚಿನ್ನದ ಪುಡಿಯ ಹಾಗೇ ತಳ ಬಿಟ್ಟು ಕದಲುತ್ತಿರಲಿಲ್ಲ. "ಭೂಮಿಗೆ ಭಾರ, ದರಿದ್ರದವು! ಇಲ್ಲೇ ಎಸೆದ್ರೆ ನಾಳೆ ಮತ್ತೆ ಬಾಣಲೆಗೇ ವಕ್ಕರಿಸ್ತವೆ" ಎಂದು ಬೈದು, ಸೆರಗಿನಲ್ಲಿ ಕಟ್ಟಿ ತಂದು ಬಚ್ಚಲ ಕೆಸರಿಗೆ ಸುರಿಯುತ್ತಿದ್ದಳು. ಅವುಗಳ ಮೇಲೆ ಹಿಮ್ಮಡಿ ಉಜ್ಜಿಯೇ ನಾವು ದೊಡ್ಡವರಾದೆವು.

ಮೊನ್ನೆ ಮನೆಗೆ ಬಂದ ಅಕ್ಕಸಾಲಿಗ ಕಾಲು ತೊಳೆಯಲು ಹೋದವನು ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಒಂದು ಕೆಂಪು ಕಲ್ಲಿನಿಂದ ಪಕ್ಕದಲ್ಲಿದ್ದ, ಕಬ್ಬಿಣಕ್ಕೂ ಜಗ್ಗದ ಬೆಣಚುಕಲ್ಲನ್ನು ಗೀರಿದ. ಬೆಣಚುಕಲ್ಲಿನ ಮೇಲೇ ಗೀರು ಬಿತ್ತು.

"ಅಕ್ಕಾ, ಇದು ಮಾಣಿಕ್ಯ!"

ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕಳು, ನಗುನಗುತ್ತಾ ನೆಲಕ್ಕೇ ಕೂತಳು. ಆಮೇಲೆ ಎದ್ದು ನಮ್ಮತ್ತ ತಿರುಗಿ ಗದರಿದಳು:

"ಇನ್ಮೇಲೆ ಬಚ್ಚಲಿಗೆ ಕಾಲು ತೊಳ್ಕೊಂಡು ಬನ್ರೋ!"